ಗೋಡೆಯಾಚೆಯಿಂದ ಜಗ್ಗಿದ ವಾಯರ್

ನಾನು ಎಳೆದ ವಾಯರನ್ನು ಗೋಡೆಯ ಆಚೆಯಿಂದ ಯಾರೋ ಮೆಲ್ಲಗೆ ವಾಪಸ್ ಎಳೆದರು.

ನಮ್ಮೂರು ಮೊರಬದಲ್ಲಿ ನಮಗೂ ಬಾಜು ಮನೆಯ ಟೇಲರ್ ಮಾಬುಸಾಬ್ ಕಾಕಾನಿಗೂ ಒಂದೇ ಇಂಟರ್‌ನೆಟ್. ರೂಟರ್ ಅವರ ಮನೆಯಲ್ಲಿದೆ. ನಮ್ಮ ಟಿವಿ ಬಾಕ್ಸಿಗೆ ವಾಯರ್ ಬರುವುದು ನಡುಗೋಡೆಯ ತೂತಿನಿಂದ. ಅಂದು ಮಧ್ಯಾಹ್ನ ನೋಡುತ್ತಿದ್ದ ಸಿನಿಮಾ ತಟ್ಟನೆ ನಿಂತಿತು. ಪಿನ್ ತೆಗೆದು ಹಾಕಿದರೂ ಬರಲಿಲ್ಲ. ತೂತಿನಲ್ಲಿ ಸಿಕ್ಕಿರಬೇಕೆಂದು ವಾಯರ್ ಎಳೆದಾಗಲೇ ಹೀಗಾಯಿತು.

ಕಾಕಾ, ಅವರ ಮನೆಮಂದಿ ಎಲ್ಲರೂ ಬೆಳಿಗ್ಗೆಯೇ ಯಮನೂರಿನ ದರ್ಗಾಕ್ಕೆ ಹೋಗಿದ್ದಾರೆಂದು ನಾವು ತಿಳಿದಿದ್ದೆವು.

"ಕೈ ಬಿಡ್ರಿ! ಆ ಮನ್ಯಾಗ ಯಾರೂ ಇಲ್ಲ," ಎಂದು ಹೆಂಡತಿ ಚೀರಿದಳು.

ಬಿಟ್ಟೆ. ವಾಯರ್ ಗೇಣುದ್ದ ಗೋಡೆಯೊಳಗೆ ಸರಿದುಹೋಯಿತು.

ಓಡಿಹೋಗಿ ನೋಡಿದರೆ ಅವರ ಬಾಗಿಲು ಚಿಲಕ ಹಾಕದೆ ಸುಮ್ಮನೆ ಮುಂದೆ ಮಾಡಿತ್ತು. ಒಳಗೆ, ಯಮನೂರಿಗೆ ಹೋಗದೆ ಒಬ್ಬರೇ ಉಳಿದಿದ್ದ ಕಾಕಾ ನೆಲಕ್ಕೆ ಬಿದ್ದಿದ್ದರು. ಬಾಯಿ ಸೊಟ್ಟಗಾಗಿತ್ತು, ಕಣ್ಣು ಮುಚ್ಚಿದ್ದವು, ಬೆರಳಿಗೆ ರೂಟರಿನಿಂದ ಕಿತ್ತುಬಂದ ನಮ್ಮ ವಾಯರ್ ಸುತ್ತಿಕೊಂಡಿತ್ತು. ಕರೆದರೆ ಮಾತಿಲ್ಲ. ಸಿಕ್ಕ ಗಾಡಿಯಲ್ಲಿ ಹಾಕಿಕೊಂಡು ಹುಬ್ಬಳ್ಳಿ ಆಸ್ಪತ್ರೆಗೆ ಒಯ್ದೆವು. ಪಾರ್ಶ್ವವಾಯು ಎಂದರು, ಜೀವ ಉಳಿಯಿತು.

ಮಾತು ಮರಳಿದ ಮೇಲೆ ವಾಯರಿನ ಸುದ್ದಿ ಕೇಳಿದೆ. ಕಾಕಾ ನನ್ನನ್ನೇ ದಿಟ್ಟಿಸಿದರು. "ಯಾವ ವಾಯರೋ ತಮ್ಮಾ? ನಾ ಬಿದ್ದದ್ದಷ್ಟ ನೆನಪೈತಿ."

ಈಗಲೂ ಟಿವಿಯ ಪಿನ್ ತೆಗೆಯುವಾಗ ವಾಯರ್ ಹಿಡಿದು ಒಂದು ಕ್ಷಣ ಕಾಯುತ್ತೇನೆ. ಆ ಕಡೆಯಿಂದ ಯಾರೂ ಜಗ್ಗದಿದ್ದರೆ ಮಾತ್ರ ಸಮಾಧಾನ.