ಹನ್ನೊಂದನೇ ಬೋರ್ಡಿನವಳ ಇಮೇಲು

ಬೀದಿಯ ಜನ ಅವಳನ್ನು ಇವತ್ತಿಗೂ ಎಕ್ಸ್‌ಚೇಂಜ್ ಅಕ್ಕ ಎಂದೇ ಕರೆಯುತ್ತಾರೆ. ಟೆಲಿಫೋನ್ ಎಕ್ಸ್‌ಚೇಂಜ್ ಮುಚ್ಚಿ ಎಷ್ಟೋ ವರ್ಷವಾಯಿತು, ಆ ಕಟ್ಟಡದಲ್ಲಿ ಈಗ ಕನ್ನಡಕದ ಅಂಗಡಿಯಿದೆ. ಆದರೂ ಹೆಸರು ಅಂಟಿಕೊಂಡುಬಿಟ್ಟಿದೆ. ಅಕ್ಕನಿಗೂ ಅದರ ಬಗ್ಗೆ ಬೇಸರವಿಲ್ಲ. ಇಪ್ಪತ್ನಾಲ್ಕು ವರ್ಷ ಕರೆ ಜೋಡಿಸುವ ಹನ್ನೊಂದನೇ ಬೋರ್ಡಿನ ಮುಂದೆ ತಲೆಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತವಳು ಅವಳು. ಊರಿನ ಯಾರು ಯಾರಿಗೆ ಎಷ್ಟು ಹೊತ್ತಿನಲ್ಲಿ ಫೋನ್ ಮಾಡುತ್ತಾರೆ ಎಂಬುದು ಅವಳಿಗೆ ಬಾಯಿಪಾಠವಾಗಿತ್ತು. ಏನು ಮಾತಾಡುತ್ತಾರೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ಗೊತ್ತುಮಾಡಿಕೊಳ್ಳಲು ಒಂದು ಬೆರಳು ಸಾಕಿತ್ತು. ಬೋರ್ಡಿನ ಕೆಳಗೆ ಒಂದು ಸಣ್ಣ ಕೀಲಿತ್ತು. ಅದನ್ನು ಮುಂದಕ್ಕೆ ತಳ್ಳಿದರೆ ಲೈನಿನ ಮಾತು ಆಪರೇಟರ್ ಕಿವಿಗೆ ಬೀಳುತ್ತಿತ್ತು, ಹಿಂದಕ್ಕೆ ಎಳೆದರೆ ನಿಲ್ಲುತ್ತಿತ್ತು. ಕೆಲಸಕ್ಕೆ ಸೇರಿದ ಮೊದಲ ದಿನವೇ ಮೇಲ್ವಿಚಾರಕಿ ಹೇಳಿದ್ದಳು, "ಲೈನ್ ಸಿಕ್ಕಿದ ಮೇಲೆ ಕಿವಿ ನಿನ್ನದಲ್ಲ." ಅಕ್ಕ "ಮಾತಾಡಿ" ಎನ್ನುವಳು, ಕೀಲು ಹಿಂದಕ್ಕೆ ಎಳೆಯುವಳು, ಅಷ್ಟೇ. ಎಂಟನೇ ಬೋರ್ಡಿನವಳು ಕದ್ದು ಕೇಳಿದ ಪ್ರೇಮಸಲ್ಲಾಪವನ್ನು ಊಟದ ಹೊತ್ತಿನಲ್ಲಿ ಉಪ್ಪುಖಾರ ಹಚ್ಚಿ ಹೇಳಲು ಶುರುಮಾಡಿದರೆ ಅಕ್ಕ ಡಬ್ಬಿ ಮುಚ್ಚಿಕೊಂಡು ಏಳುತ್ತಿದ್ದಳು. ಅವಳ ಹಿಂದೆಯೇ ಹನ್ನೆರಡನೇ ಬೋರ್ಡಿನವಳೂ ಎದ್ದು ಬರುತ್ತಿದ್ದಳು. ಇಬ್ಬರ ಸ್ನೇಹ ಬೆಳೆದದ್ದು ಹಾಗೆ, ಅರ್ಧ ಊಟ ಬಿಟ್ಟು ಮೆಟ್ಟಿಲ ಮೇಲೆ ಕೂತು. ಒಬ್ಬರನ್ನೊಬ್ಬರು ಕರೆಯುತ್ತಿದ್ದದ್ದೂ ಬೋರ್ಡಿನ ನಂಬರಿನಿಂದಲೇ, ಹನ್ನೊಂದು, ಹನ್ನೆರಡು. ಅದು ಆ ಮೆಟ್ಟಿಲ ಮೇಲಿನ ಹೆಸರು, ಮನೆಯವರ ಕಿವಿಗೂ ಬಿದ್ದಿರಲಿಲ್ಲ.

ಕದ್ದು ಕೇಳದ ವಿಷಯದಲ್ಲಿ ಅಕ್ಕನಿಗೆ ಸ್ವಲ್ಪ ಜಂಬವೇ ಇತ್ತು ಎನ್ನಬೇಕು. ಆ ಜಂಬವೇ ಅವಳ ಕಣ್ಣಿಗೆ ಪರದೆ ಕಟ್ಟಿತೋ ಏನೋ. ತಾನು ಮಾಡದ ಕೆಲಸವನ್ನು ತನ್ನವರೂ ಮಾಡುವುದಿಲ್ಲ ಎಂದು ಅವಳು ಅಂದುಕೊಂಡುಬಿಟ್ಟಿದ್ದಳು.

ಅಕ್ಕ ಮದುವೆಯಾಗಲಿಲ್ಲ. ಮೂರನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ ಒಬ್ಬಳೇ ಇದ್ದಳು. ಆರು ವರ್ಷದ ಹಿಂದೆ ಗಂಡ ತೀರಿಕೊಂಡ ಮೇಲೆ ತಂಗಿ ಎರಡು ಪೆಟ್ಟಿಗೆ ಹಿಡಿದುಕೊಂಡು ಬಂದಳು. ಔಷಧಿ ಅಂಗಡಿಯಲ್ಲಿ ಹನ್ನೆರಡು ವರ್ಷ ಕಂಪ್ಯೂಟರಿನ ಮುಂದೆ ಕೂತು ಬಿಲ್ಲು ಹೊಡೆದವಳಾದ್ದರಿಂದ ಮನೆಗೆ ಅವಳೇ ಇಂಜಿನಿಯರು. ಚಪ್ಪಲಿ ಗೂಡಿನ ಮೇಲೆ ವೈಫೈ ಪೆಟ್ಟಿಗೆ ಕೂರಿಸಿದವಳು ಅವಳೇ, ಅಕ್ಕನ ಹೆಸರಲ್ಲಿ ಇಮೇಲು ಖಾತೆ ತೆರೆದವಳೂ ಅವಳೇ. ಪಾಸ್‌ವರ್ಡ್ ಮರೆತರೆ ಕೋಡು ಬರಲು ಒಂದು ನಂಬರು ಕೊಡಬೇಕು ಎಂದಾಗ ತನ್ನ ನಂಬರನ್ನೇ ಕೊಟ್ಟಳು. "ನೀನು ಮೊಬೈಲ್ ಎಲ್ಲೋ ಇಟ್ಟು ಮರೀತೀಯ, ನಂದೇ ಇರಲಿ," ಎಂದಳು. ಮಾತು ನಿಜವೇ. ಅಕ್ಕ ಒಮ್ಮೆ ಮೊಬೈಲನ್ನು ಒಗೆಯುವ ಬಟ್ಟೆಯ ಜೊತೆ ನೆನೆಹಾಕಿದ್ದಳು.

ಇಮೇಲು ಬೇಕಾದದ್ದು ಹನ್ನೆರಡರ ಸಲುವಾಗಿ. ಅವಳು ರೈಲಿನಲ್ಲಿ ಒಂದು ಹಗಲಿನ ದೂರದ ಕಡಲ ದಂಡೆಯ ಊರಿನಲ್ಲಿದ್ದಳು. ಅಷ್ಟು ವರ್ಷ ಹೆಡ್‌ಫೋನ್ ಹಾಕಿದ್ದಕ್ಕೋ, ವಯಸ್ಸಿಗೋ, ಅವಳ ಎರಡೂ ಕಿವಿ ಮಂದವಾಗಿದ್ದವು. ಫೋನಿನಲ್ಲಿ ಮಾತಾಡಿದರೆ "ಆಂ? ಆಂ?" ಎಂಬುದೇ ಮಾತಾಗುತ್ತಿತ್ತು. ಹಾಗಾಗಿ ಇಬ್ಬರೂ ಬರೆಯತೊಡಗಿದರು. ವಾರಕ್ಕೆ ಎರಡು, ಕೆಲವೊಮ್ಮೆ ಮೂರು. ಕೊನೆಗೆ ಸಹಿ ಒಂದೇ, ಹನ್ನೊಂದು ಇಲ್ಲವೇ ಹನ್ನೆರಡು.

ಹೀಗಿರುವಾಗ ಹನ್ನೆರಡು ಒಂದು ದಿನ ಬರೆದಳು. ಅವಳ ಮನೆಯ ಮಹಡಿಯ ಕೋಣೆ ಖಾಲಿಯಾಗುತ್ತಿತ್ತು. "ಬಂದುಬಿಡು. ನಂಗೆ ಕಿವಿ ಇಲ್ಲ, ನಿಂಗೆ ಮಂಡಿ ಇಲ್ಲ, ಇಬ್ಬರು ಸೇರಿದ್ರೆ ಒಂದು ಪೂರ್ತಿ ಹೆಂಗಸು ಆಗ್ತೀವಿ. ತಿಂಗಳ ಕೊನೆಯೊಳಗೆ ಹೇಳು, ಆಸ್ಪತ್ರೆಯ ನರ್ಸ್ ಒಬ್ಬಳು ಕೇಳ್ತಾ ಇದ್ದಾಳೆ." ಅಕ್ಕ ಅದನ್ನು ಓದಿ ನಗುತ್ತಾ ಅತ್ತಳು. ಅರವತ್ತಾರು ವರ್ಷದಲ್ಲಿ ಯಾರೂ ಅವಳನ್ನು ಹೀಗೆ ಬಾ ಎಂದು ಕರೆದಿರಲಿಲ್ಲ. ನಾಲ್ಕು ದಿನ ಹಿಂದೆಮುಂದೆ ನೋಡಿದಳು, ಐದನೆಯ ದಿನ ಬರೆದಳು, "ಬರ್ತೀನಿ. ಮುಂದಿನ ತಿಂಗಳು ಮೊದಲ ವಾರ." ತಂಗಿಗೆ ಹೇಳಬೇಕು ಎಂದುಕೊಂಡಳು. ಇವತ್ತು ಅವಳಿಗೆ ತಲೆನೋವು, ನಾಳೆ ಹೇಳೋಣ. ಮರುದಿನ ಅವಳು ಒಳ್ಳೆ ಹುಮ್ಮಸ್ಸಿನಲ್ಲಿದ್ದಾಳೆ, ಯಾಕೆ ಕೆಡಿಸುವುದು, ನಾಡಿದ್ದು ಹೇಳೋಣ. ಹೇಳುವುದು ಹಾಗೇ ಉಳಿಯಿತು.

ಹನ್ನೆರಡರ ಉತ್ತರ ಬರಲಿಲ್ಲ. ಒಂದು ವಾರ, ಎರಡು ವಾರ. ಅಕ್ಕ ಮತ್ತೆ ಮತ್ತೆ ಬರೆದಳು, ಸದ್ದಿಲ್ಲ. ಸಾಲದ್ದಕ್ಕೆ ಇನ್ನೊಂದು ವಿಚಿತ್ರ. ಅವಳು ತೆರೆಯದ ಬ್ಯಾಂಕಿನ, ಕರೆಂಟು ಬಿಲ್ಲಿನ ಇಮೇಲುಗಳೂ ತೆರೆದಂತೆ ಕಾಣುತ್ತಿದ್ದವು. ಹೊಸ ಇಮೇಲು ದಪ್ಪ ಅಕ್ಷರದಲ್ಲಿರುತ್ತದೆ, ಓದಿದ್ದು ತೆಳ್ಳಗಾಗುತ್ತದೆ ಎಂದು ತಂಗಿಯೇ ಹೇಳಿಕೊಟ್ಟಿದ್ದಳು. ಬೆಳಗ್ಗೆ ಎದ್ದು ನೋಡಿದರೆ ಎಲ್ಲವೂ ತೆಳ್ಳಗೆ.

ಹಳೆಯ ಆಪರೇಟರ್ ಬುದ್ಧಿ ಎಲ್ಲಿಗೆ ಹೋದೀತು. ಯಾರೋ ಲೈನಿಗೆ ಕೈ ಹಾಕಿದ್ದಾರೆ ಎಂದು ಅಕ್ಕ ತೀರ್ಮಾನಿಸಿದಳು. ಅವಳ ಕಾಲದಲ್ಲಿ ಲೈನು ಕದಿಯಬೇಕಾದರೆ ಹೊರಗಿನಿಂದ ಕಂಬ ಹತ್ತಿ ತಂತಿ ಸಿಕ್ಕಿಸಬೇಕಿತ್ತು. ಹಾಗಾಗಿ ಅವಳು ಹೊರಗೇ ನೋಡಿದಳು. ಎದುರು ಮನೆಯ ಬಾಡಿಗೆದಾರ ಮೂರು ಹೊತ್ತೂ ಮೊಬೈಲ್ ಹಿಡಿದು ಮೆಟ್ಟಿಲ ಮೇಲೆ ಕೂತಿರುತ್ತಿದ್ದ. ವೈಫೈ ಪೆಟ್ಟಿಗೆಯೋ ಬಾಗಿಲ ಪಕ್ಕದಲ್ಲೇ ಇತ್ತು. ಇನ್ನೇನು ಬೇಕು? ಆ ಪಾಪದ ಮನುಷ್ಯ ನಮಸ್ಕಾರ ಎಂದರೂ ಅಕ್ಕ ಮುಖ ಸಿಂಡರಿಸಿಕೊಂಡು ಹೋಗುತ್ತಿದ್ದಳು.

ತಂಗಿಯನ್ನು ಕೂರಿಸಿಕೊಂಡು ಹೇಳಿದಳು, "ಯಾರೋ ನನ್ನ ಇಮೇಲು ಓದ್ತಾ ಇದ್ದಾರೆ ಕಣೇ. ಎಲ್ಲಾ ಪಾಸ್‌ವರ್ಡು ಬದಲಾಯಿಸೋಣ."

ತಂಗಿ ಅಕ್ಕನ ಮೊಬೈಲಿನ ಕಡೆ ನೋಡಿದಳು. ಆಮೇಲೆ, "ಕೊಡು ಇಲ್ಲಿ," ಎಂದಳು.

ಅಕ್ಕ ತಂಗಿ ಇಬ್ಬರೂ ಮೇಜಿನ ಮುಂದೆ ಕೂತು ಮಧ್ಯಾಹ್ನ ಪೂರ್ತಿ ಆ ಕೆಲಸ ಮಾಡಿದರು. ಮೊದಲು ವೈಫೈ, ಆಮೇಲೆ ಇಮೇಲು. ಕೋಡು ತಂಗಿಯ ಮೊಬೈಲಿಗೆ ಬಂತು. ಅವಳು ಎರಡೆರಡೇ ಅಂಕಿಯಾಗಿ ಓದಿದಳು, ಅಕ್ಕ ತನ್ನ ಹಳೆಯ ಎಕ್ಸ್‌ಚೇಂಜ್ ರಾಗದಲ್ಲಿ ಅದನ್ನೇ ತಿರುಗಿ ಹೇಳಿ ಒತ್ತಿದಳು. ಇಬ್ಬರೂ ನಕ್ಕರು. ಎದುರು ಮನೆಯವನಿಗೆ ಸರಿಯಾಗಿ ಆಯಿತು ಎಂದು ಅಕ್ಕ ಚಹಾಕ್ಕೆ ನೀರಿಟ್ಟಳು. ಕಳ್ಳನಿಗೇ ಕೀಲಿಕೈ ಮಾಡಿಸಿಕೊಟ್ಟು ಚಹಾ ಬೇರೆ ಕುಡಿಸಿದಳು ಎಂದು ಈಗ ನಾವು ಹೇಳಬಹುದು. ಆಗ ಅವಳಿಗೆ ಗೊತ್ತಿರಲಿಲ್ಲ. ಹೊಸ ಪಾಸ್‌ವರ್ಡ್ ಹಾಕಿದ ಮೇಲೂ ಬೆಳಗಿನ ಇಮೇಲುಗಳು ತೆಳ್ಳಗೇ ಇದ್ದವು.

ಗ್ರಂಥಾಲಯದಲ್ಲಿ ಪ್ರತಿ ಬುಧವಾರ ಬೆಳಗ್ಗೆ ಹಿರಿಯರಿಗೆ ಮೊಬೈಲ್ ತರಗತಿ ನಡೆಯುತ್ತಿತ್ತು. ಅಕ್ಕ ತಂಗಿಗೆ ಹೇಳದೆ ಹೋದಳು. ಬೇರೇನೂ ಕಾರಣವಿರಲಿಲ್ಲ, ಅವಳಿಗೆ ಸುಮ್ಮನೆ ತೊಂದರೆ ಯಾಕೆ ಎಂದು. ಪಾಠ ಹೇಳುವ ಮೇಡಂ ದಪ್ಪ ಕನ್ನಡಕದ ಸಮಾಧಾನದ ಹೆಂಗಸು. ಅಕ್ಕನ ಕಥೆ ಪೂರ್ತಿ ಕೇಳಿ, ಎದುರು ಮನೆಯವನ ವಿಷಯಕ್ಕೆ ಸೊಪ್ಪು ಹಾಕದೆ, ಖಾತೆಯ ಒಳಗಿನ ಒಂದು ಪುಟ ತೆರೆದಳು.

"ಅಮ್ಮ, ನಿಮ್ಮ ಖಾತೆ ಎಲ್ಲೆಲ್ಲಿ ತೆರೆದಿದೆ ಅಂತ ಇಲ್ಲಿ ತೋರಿಸುತ್ತೆ. ಇದು ನಿಮ್ಮ ಮೊಬೈಲು. ಈ ಟ್ಯಾಬ್ಲೆಟ್ ಯಾರದು?"

"ನನ್ನ ಹತ್ರ ಟ್ಯಾಬ್ಲೆಟ್ ಇಲ್ವಲ್ಲ."

"ಇವತ್ತು ಬೆಳಗ್ಗೆ ಏಳು ಹತ್ತಕ್ಕೆ ನೋಡಿದ್ದಾರೆ. ನಿಮ್ಮ ಮನೆ ವೈಫೈಯಿಂದಲೇ."

ಏಳು ಹತ್ತಕ್ಕೆ ಅಕ್ಕ ಸ್ನಾನದ ಮನೆಯಲ್ಲಿದ್ದಳು. ತಂಗಿ ಕಿಟಕಿಯ ಹತ್ತಿರ ಟ್ಯಾಬ್ಲೆಟ್ ಹಿಡಿದು ಪೇಪರ್ ಓದುತ್ತಿದ್ದಳು, ದಿನಾ ಓದುವ ಹಾಗೆ.  ಇರಲಾರದು, ಇಮೇಲಿನ ಕಂಪನಿಯವರು ಏನೋ ತಪ್ಪು ಮಾಡಿರಬೇಕು, ಯಂತ್ರ ತಾನೇ, ಎಂದು ಅಕ್ಕನ ಮನಸ್ಸು ನೂರು ದಾರಿ ಹುಡುಕಿತು. ಮೇಡಂ ಅಷ್ಟರಲ್ಲಿ ಅಳಿಸಿದ ಇಮೇಲುಗಳ ಬುಟ್ಟಿ ತೆರೆದಿದ್ದಳು. ಅಳಿಸಿದ್ದು ಒಂದು ತಿಂಗಳು ಅಲ್ಲೇ ಉಳಿಯುತ್ತದೆ ಎಂಬುದು ಔಷಧಿ ಅಂಗಡಿಯ ಇಂಜಿನಿಯರಿಗೂ ಗೊತ್ತಿರಲಿಲ್ಲ.

ಅದರಲ್ಲಿ ಮೇಲಿದ್ದವು ಅಕ್ಕ ಆಮೇಲೆ ಬರೆದಿದ್ದ ಪತ್ರಗಳು. ಹೋದ ಮೇಲೆ ಯಾರೋ ಅವನ್ನು ಅಳಿಸಿದ್ದರು. ಅವಳ ಕಣ್ಣು ನಿಂತದ್ದು ಕೆಳಗಿನದರ ಮೇಲೆ. "ಬರ್ತೀನಿ" ಎಂದು ತಾನು ಬರೆದ ಮರುದಿನದ್ದು, ತನ್ನದೇ ಹೆಸರಿನಿಂದ ಹೋದದ್ದು. "ಯೋಚಿಸಿ ನೋಡಿದೆ. ಈ ವಯಸ್ಸಲ್ಲಿ ಬೇರು ಕೀಳೋದು ಬೇಡ. ಬರಲ್ಲ, ಕೇಳಬೇಡ. ಸ್ವಲ್ಪ ದಿನ ಬರೆಯೋದೂ ಬೇಡ, ಬರೆದ್ರೆ ಮನಸ್ಸು ಕದಡುತ್ತೆ. ನಾನೇ ಏನಾದ್ರೂ ಬರೆದ್ರೂ ಸೋತು ಬರೆದೆ ಅಂದ್ಕೊ, ಉತ್ತರ ಕೊಡಬೇಡ. ಹನ್ನೊಂದು."

ಅಕ್ಕ ಅದನ್ನು ಮೂರು ಸಲ ಓದಿದಳು. ಸಿಟ್ಟು ಬರಲು ಸ್ವಲ್ಪ ಹೊತ್ತು ಹಿಡಿಯಿತು, ಏಕೆಂದರೆ ಅದು ಅವಳು ಬರೆದ ಹಾಗೇ ಇತ್ತು. ಅದೇ ಚಿಕ್ಕ ಚಿಕ್ಕ ವಾಕ್ಯ, ಅದೇ ಬಿಗಿ. ತನ್ನನ್ನು ಇಷ್ಟು ಚೆನ್ನಾಗಿ ಬಲ್ಲವಳು ಮನೆಯಲ್ಲೇ ಇದ್ದಳು. ಇಷ್ಟು ಬಲ್ಲವಳು ಹೀಗೆ ಬೆನ್ನಿಗೆ ಚೂರಿ ಹಾಕಿದಳು. ಅಕ್ಕನಿಗೆ ಅಲ್ಲೇ, ತರಗತಿಯ ಹತ್ತು ಜನರ ನಡುವೆ, ಮೈಮೇಲಿನ ಬಟ್ಟೆ ಯಾರೋ ಎಳೆದ ಹಾಗೆ ನಾಚಿಕೆಯಾಯಿತು. ತಪ್ಪು ಮಾಡಿದ್ದು ಇನ್ಯಾರೋ, ನಾಚಿಕೆ ಮಾತ್ರ ತನಗೆ.

 ಮೇಡಂ ಟ್ಯಾಬ್ಲೆಟನ್ನು ಖಾತೆಯಿಂದ ಹೊರಗೆ ಹಾಕಿದಳು, ಕೋಡು ಬರುವ ನಂಬರನ್ನು ಅಕ್ಕನದಕ್ಕೆ ಬದಲಾಯಿಸಿದಳು, ಹೊಸ ಪಾಸ್‌ವರ್ಡನ್ನು ಅಕ್ಕನೇ ಒತ್ತುವಂತೆ ಹೇಳಿ ಕಿಟಕಿಯ ಕಡೆ ನೋಡುತ್ತಾ ನಿಂತಳು. ವೈಫೈಯದ್ದನ್ನೂ ಬದಲಾಯಿಸುವುದು ಹೇಗೆ ಎಂದು ಚೀಟಿಯಲ್ಲಿ ಬರೆದುಕೊಟ್ಟಳು.

ಅಕ್ಕ ಅಲ್ಲೇ ಕೂತು ಹನ್ನೆರಡಿಗೆ ಎಲ್ಲವನ್ನೂ ಬರೆದಳು. ಆ ಪತ್ರ ನನ್ನದಲ್ಲ, ಕೋಣೆ ಇದ್ದರೆ ನಾಳೆಯೇ ಹೊರಡುತ್ತೇನೆ ಎಂದಳು. ಮುಕ್ಕಾಲು ಗಂಟೆಗೆ ಉತ್ತರ ಬಂತು.

"ಕೋಣೆ ನರ್ಸಿಗೆ ಕೊಟ್ಟಾಯ್ತು, ಎರಡು ವರ್ಷಕ್ಕೆ ಬರೆದುಕೊಟ್ಟಿದ್ದೀನಿ. ನೀನು ಬೇಡ ಅಂದ ದಿನ ನಾನು ಊಟ ಮಾಡಲಿಲ್ಲ. ನೀನಲ್ಲ ಅಂತ ನಂಗೆ ಹೇಗೆ ಗೊತ್ತಾಗಬೇಕಿತ್ತು? ಕೆಳಗೆ ಹನ್ನೊಂದು ಅಂತ ಇತ್ತು. ಅದು ನಮ್ಮಿಬ್ಬರಿಗೆ ಬಿಟ್ಟು ಯಾರಿಗೂ ಗೊತ್ತಿಲ್ಲ ಅಂದ್ಕೊಂಡಿದ್ದೆ. ಈಗ ಬರೆದಿರೋದು ನೀನೇನಾ ಅಂತಾನೂ ಗೊತ್ತಾಗ್ತಿಲ್ಲ, ಬೇಜಾರು ಮಾಡ್ಕೋಬೇಡ." ಕೆಳಗೆ ಸಹಿ ಇರಲಿಲ್ಲ.

ಮನೆಗೆ ಬಂದಾಗ ತಂಗಿ ತರಕಾರಿ ಹೆಚ್ಚುತ್ತಿದ್ದಳು. ಟ್ಯಾಬ್ಲೆಟ್ ಮೇಜಿನ ಮೇಲೆ ಮಗುಚಿಬಿದ್ದಿತ್ತು. ಖಾತೆ ಮುಚ್ಚಿಹೋದದ್ದು ಅವಳಿಗೆ ಗೊತ್ತಾಗಿತ್ತು, ಅದು ಮುಖದಲ್ಲೇ ಕಂಡಿತು.

"ಯಾವತ್ತಿಂದ?" ಎಂದಳು ಅಕ್ಕ.

"ಮೊದಲಿಂದ." ತಂಗಿ ಚಾಕು ಕೆಳಗಿಡಲಿಲ್ಲ. "ಮೊದಮೊದಲು ಖಾತೆ ಸರಿ ಇದೆಯಾ ಅಂತ ನೋಡ್ತಿದ್ದೆ. ಆಮೇಲೆ ಬಿಡಕ್ಕೆ ಆಗಲಿಲ್ಲ. ನೀನು ಅವಳ ಹತ್ರ ಎಷ್ಟೊಂದು ಮಾತಾಡ್ತೀಯ ಅಕ್ಕ. ನನ್ನ ಹತ್ರ ಅನ್ನ ಬೆಂತಾ, ಬಾಗಿಲು ಹಾಕಿದ್ಯಾ, ಅಷ್ಟೇ."

"ಅದಕ್ಕೆ?"

"ನಾನು ಗೊರಕೆ ಹೊಡೆಯೋದನ್ನ ನೀನು ಅವಳಿಗೆ ಬರೆದೆ. ಅವರು ಹೋದ ಮೇಲೆ ನಾನು ಗೋಡೆಗೆ ತಲೆ ಚಚ್ಚಿಕೊಂಡಿದ್ದನ್ನ ಬರೆದೆ. ಅದು ನಿಂಗೊಬ್ಬಳಿಗೇ ಗೊತ್ತಿದ್ದಿದ್ದು. ಅದನ್ನ ಓದಿ ಹೊಟ್ಟೆಗೆ ಹಾಕಿಕೊಂಡೆ. ಆದ್ರೆ ಹೋಗ್ತೀನಿ ಅಂತ ಅವಳಿಗೆ ಬರೆದು ನಂಗೆ ಹೇಳಲೇ ಇಲ್ವಲ್ಲ. ಅವಳು ಬಾ ಅಂತ ಕರೆದಾಗಿಂದ ದಿನಾ ಕಾದೆ, ಇವತ್ತು ಹೇಳ್ತೀಯ, ನಾಳೆ ಹೇಳ್ತೀಯ ಅಂತ."

 ಅಕ್ಕ ಬರೆದದ್ದು ನಿಜ, ಹೇಳದೆ ಇದ್ದದ್ದೂ ನಿಜ. ಆದರೆ ಅದು ನಿಜ ಎಂದ ಮಾತ್ರಕ್ಕೆ ಕ್ಷಮಿಸಬೇಕೆಂದು ಎಲ್ಲಿ ಬರೆದಿದೆ? ಊರಿನ ಅಷ್ಟು ಮನೆಯ ಗುಟ್ಟು ಕೈಯಳತೆಯಲ್ಲಿದ್ದರೂ ಇಪ್ಪತ್ನಾಲ್ಕು ವರ್ಷ ಬೆರಳು ಹಿಡಿದುಕೊಂಡವಳು ಅವಳು. ತನ್ನ ಒಂದು ಗುಟ್ಟು ತನ್ನ ಮನೆಯಲ್ಲಿ ಒಂದು ವಾರ ಉಳಿಯಲಿಲ್ಲ.

"ನನ್ನ ಹೆಸರಲ್ಲಿ ಬರೆದ್ಯಲ್ಲೇ," ಎಂದಳು. 

ತಂಗಿ ಅತ್ತಳು. ಅಕ್ಕ ಅಳಲಿಲ್ಲ. ಚೀಟಿ ನೋಡಿಕೊಂಡು, ಮಂಡಿ ಊರಿ, ಚಪ್ಪಲಿ ಗೂಡಿನ ಮುಂದೆ ಕೂತು ವೈಫೈ ಪಾಸ್‌ವರ್ಡ್ ಬದಲಾಯಿಸಿದಳು. ಒಂದು ಗಂಟೆ ಹಿಡಿಯಿತು. ತಂಗಿ ಸಹಾಯ ಮಾಡಲೇ ಎಂದು ಕೇಳಲಿಲ್ಲ.

ಆಮೇಲೆ ನಾಲ್ಕು ದಿನ ಮನೆಯಲ್ಲಿ ತಟ್ಟೆ ಲೋಟದ ಸದ್ದು ಬಿಟ್ಟರೆ ಬೇರೆ ಮಾತಿಲ್ಲ. ಕಡಲ ಊರಿನ ಕೋಣೆ ಹೋಯಿತು. ಹನ್ನೆರಡು ಮತ್ತೆ ಬರೆದಳು, ಆದರೆ ಹುಷಾರಾಗಿ, ಹವಾಮಾನದ ಬಗ್ಗೆ, ಮೂರನೆಯವರು ಓದಿದರೂ ತೊಂದರೆಯಿಲ್ಲದ ಹಾಗೆ. ತಂಗಿ ಬಯಸಿದ್ದು ಆಗಿತ್ತು, ಅಕ್ಕ ಎಲ್ಲಿಗೂ ಹೋಗುತ್ತಿರಲಿಲ್ಲ.

ಐದನೆಯ ದಿನ ಬೆಳಗ್ಗೆ ತಂಗಿ ಟ್ಯಾಬ್ಲೆಟ್ ಹಿಡಿದುಕೊಂಡು ಕೋಣೆಯ ಬಾಗಿಲಲ್ಲಿ ನಿಂತಳು.

"ಅಕ್ಕ, ವೈಫೈ ಬರ್ತಾ ಇಲ್ಲ. ಪೇಪರ್ ಓದಬೇಕಿತ್ತು."

ಅಕ್ಕ ಕೈ ಚಾಚಿದಳು. ಟ್ಯಾಬ್ಲೆಟ್ ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಅಕ್ಷರ ಹುಡುಕಿ ಒತ್ತತೊಡಗಿದಳು. ಎಡಗೈ ತನ್ನಷ್ಟಕ್ಕೆ ಎದ್ದು ಒತ್ತುವ ಬೆರಳಿಗೆ ಅಡ್ಡ ನಿಂತಿತು. ತಂಗಿ ಅದನ್ನು ನೋಡಿದಳು. ಮುಖವನ್ನು ಗೋಡೆಯ ಕಡೆಗೆ ತಿರುಗಿಸಿ ನಿಂತಳು.

"ಹೂಂ, ಆಯ್ತು," ಎಂದಳು ಅಕ್ಕ.

ತಂಗಿ ತಿರುಗಲಿಲ್ಲ. ಅಕ್ಕ ಟ್ಯಾಬ್ಲೆಟ್ ಹಿಡಿದ ಕೈಯನ್ನು ಚಾಚಿಕೊಂಡೇ ಕೂತಿದ್ದಳು.