ಎರೆಭೂತದ ತತ್ತಿಗೆ ನಾನು ಇಟ್ಟ ಕಾವಲು

ಎಪ್ಪತ್ತರ ದಶಕದ ಕೊನೆಯಲ್ಲಿ ನನಗೆ ಸಿಕ್ಕ ಮೊದಲ ಕೆಲಸ, ನೆಲದಡಿ ಎಣ್ಣೆ, ಗ್ಯಾಸು ಹುಡುಕುವ ಸರ್ವೆ ತಂಡದಲ್ಲಿ. ನಮ್ಮ ರಾಯಚೂರಿನವರಿಗೆ ಎಣ್ಣೆ ಎಂದರೆ ಶೇಂಗಾದ್ದು, ತಪ್ಪಿದರೆ ಹತ್ತಿಕಾಳಿನದು. ಈ ಬಂಡೆಗಲ್ಲಿನ ಸೀಮೆಯಲ್ಲಿ ಬೇರೆ ಎಣ್ಣೆ ಹುಡುಕುವ ಬುದ್ಧಿ ಯಾರಿಗೆ ಬಂತೋ! ನನಗೇಕೆ ಆ ಉಸಾಬರಿ ಎಂದುಕೊಂಡು ಸೇರಿದೆ.

ಮಸರಕಲ್ ಆಚೆಯ ಹುಲ್ಲುಗಾವಲಿನಲ್ಲಿ ಎಲ್ಲೆಲ್ಲಿ ಕೊರೆಯಬೇಕೋ ಅಲ್ಲೆಲ್ಲ ಕಲ್ಲಿಟ್ಟು ಸುಣ್ಣ ಬಳಿಯುವುದು ನನ್ನ ಕೆಲಸ. ಹಿಂದಿನಿಂದ ಬರುವ ಡ್ರೈವರ್ ಬಿಳಿ ಕಲ್ಲು ಕಂಡಲ್ಲಿ ಕೊರೆಯುವ ಲಾರಿ ನಿಲ್ಲಿಸುತ್ತಿದ್ದ. ಯಂತ್ರ ಶುರುವಾದ ಎಂಟು ದಿನಕ್ಕೇ ಬೆಳಗಿನ ಗೌಜಲಕ್ಕಿಗಳ ಕೂಗು ನಿಂತಿತು. ನೆಲಗುಬ್ಬಿಗಳು ಲಾರಿ ತುಳಿದ ದಾರಿ ಬಿಟ್ಟು ದೂರ ಸರಿದವು. ಅಲ್ಲಿ ಕುರಿ ಮೇಯಿಸುತ್ತಿದ್ದ ಮುದುಕ ಹೇಳುವವರೆಗೆ ನಾನಿದನ್ನು ಗಮನಿಸಿರಲೇ ಇಲ್ಲ.

ಒಂದು ಮಧ್ಯಾಹ್ನ ಅವನು ನನ್ನನ್ನು ಹುಲ್ಲಿನ ನಡುವೆ ಕರೆದೊಯ್ದ. ಬರೀ ನೆಲದ ಮೇಲೆ ಎರೆಭೂತದ ಒಂದೇ ಒಂದು ತತ್ತಿ. ಉದ್ದ ಬಿಳಿ ಕೊರಳಿನ, ಸೊಂಟದೆತ್ತರದ ಆ ಹಕ್ಕಿ ದೂರ ನಿಂತು ನಮ್ಮನ್ನೇ ನೋಡುತ್ತಿತ್ತು.

“ವರ್ಷಕ್ಕ ಒಂದ ತತ್ತಿ ಇಡತದ್ರೀ ಇದು. ನಿಮ್ಮ ಲಾರಿ ಈ ಕಡಿ ಬರದಂಗ ನೋಡ್ಕೋರಿ” ಎಂದ.

“ನನ್ನ ಮ್ಯಾಲ ಬಿಡ್ರಿ” ಎಂದು ದೊಡ್ಡಸ್ತಿಕೆಯಿಂದ ಹೇಳಿದೆ. ಹುಲ್ಲಿನಲ್ಲಿ ತತ್ತಿ ಕಾಣದು, ಡ್ರೈವರ್ ದೂರದಿಂದಲೇ ಕಂಡು ಲಾರಿ ತಿರುಗಿಸಲಿ ಎಂದು ಸುತ್ತಲೂ ನಾಲ್ಕು ಕಲ್ಲಿಟ್ಟೆ. ಕೈಯಲ್ಲಿದ್ದ ಡಬ್ಬಿಯ ಸುಣ್ಣವನ್ನೇ ಬಳಿದೆ. ಡ್ರೈವರ್‌ಗೆ ಬಾಯಿಬಿಟ್ಟು ಹೇಳಬೇಕೆಂದು ನನ್ನ ಮಂಕು ತಲೆಗೆ ಹೊಳೆಯಲಿಲ್ಲ.

ಮರುದಿನ ಸಾಮಾನು ತರಲು ದೇವದುರ್ಗಕ್ಕೆ ಹೋಗಿ ಬರುವಷ್ಟರಲ್ಲಿ ಯಂತ್ರ ಅಲ್ಲೇ ಗಡಗಡಿಸುತ್ತಿತ್ತು. ಗಾಲಿಯ ಅಚ್ಚಿನಲ್ಲಿ ಒಡೆದ ಚಿಪ್ಪು ಅಂಟಿಕೊಂಡಿತ್ತು.

“ಇಲ್ಲ್ಯಾಕ ತಂದಿ ಮಾರಾಯಾ?” ಎಂದು ಚೀರಿದೆ.

ಡ್ರೈವರ್ ಕಕ್ಕಾಬಿಕ್ಕಿಯಾದ. “ಸುಣ್ಣ ಹಚ್ಚಿದವ್ರು ನೀವೇ ಅಲ್ಲೇನ್ರೀ ಸಾಬ್?”

ಪಾಪ, ಅವನ ತಪ್ಪೇನಿತ್ತು? ನಾಚಿಕೆಯಿಂದ ಕುಗ್ಗಿಹೋದೆ. ಹಕ್ಕಿ ಎರಡು ದಿನ ಅಲ್ಲೇ ದೂರದಲ್ಲಿ ಅಡ್ಡಾಡಿತು. ಆಮೇಲೆ ಕಾಣಲಿಲ್ಲ. ಮುದುಕ ಒಡೆದ ಚಿಪ್ಪು ನೋಡಿ, ಕುರಿಗಳನ್ನು ಬೇರೆ ಕಡೆ ಹೊಡೆದುಕೊಂಡು ಹೋದ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಎಣ್ಣೆಯೂ ಸಿಗಲಿಲ್ಲ, ಗ್ಯಾಸೂ ಸಿಗಲಿಲ್ಲ. ತಂಡ ಗಂಟುಮೂಟೆ ಕಟ್ಟಿತು. ಮೂರು ಮಳೆಗಾಲ ಕಳೆದ ಮೇಲೆ ಬೇರೆ ಕೆಲಸಕ್ಕೆಂದು ಆ ಕಡೆ ಹೋದಾಗ ಮುದುಕ ಸಿಕ್ಕ. ಗುರುತು ಹಿಡಿದು ಕುಡಿಯಲು ನೀರು ಕೊಟ್ಟ.

“ಎರೆಭೂತ ತಿರುಗಿ ಬಂದಾವೇನ್ರಿ?” ಎಂದು ಕೇಳಿದೆ.

“ಇಲ್ರೀ ಯಪ್ಪಾ. ಒಂದೂ ಬಂದಿಲ್ಲ” ಎಂದ, ಮುಖ ನೋಡದೆ.

ಅವನ ಬೆನ್ನ ಹಿಂದೆ, ಹುಲ್ಲಿನ ಮೇಲೆ, ಉದ್ದನೆಯ ಬಿಳಿ ಕೊರಳೊಂದು ಎದ್ದು ನಿಂತಿತ್ತು. ನಾನು ಕಾಣದವನಂತೆ ನೀರು ಕುಡಿದು ಮುಗಿಸಿ, ಬಂದ ದಾರಿಯಲ್ಲೇ ಹೊರಟುಬಿಟ್ಟೆ.