ಬಸವಣ್ಣೆವ್ವನಿಗೆ ಸಿಕ್ಕ ಮೊದಲ ಮರ್ಯಾದೆ

ಬಿಬ್ವೇವಾಡಿಯ ಆ ಚಾಳಿನಲ್ಲಿ ಮೊದಲು ಬಸವಣ್ಣೆವ್ವನ ದನಿ ಬರುತ್ತದೆ, ಆಮೇಲೆ ಬಸವಣ್ಣೆವ್ವ ಬರುತ್ತಾಳೆ. ಇಂಡಿ ತಾಲ್ಲೂಕಿನ ಹಳ್ಳಿಯಿಂದ ಮದುವೆಯಾಗಿ ಪುಣೆಗೆ ಬಂದು ಇಪ್ಪತ್ತು ವರ್ಷವಾದರೂ ಆ ದನಿ ಈ ಹೊಲದಿಂದ ಆ ಹೊಲಕ್ಕೆ ಕೂಗುವ ಅಳತೆಯಲ್ಲೇ ಉಳಿದಿದೆ. ಗಂಡ ಸಿದ್ರಾಮಪ್ಪ ಮಾರ್ಕೆಟ್ ಯಾರ್ಡಿನ ಬೆಲ್ಲದ ಅಂಗಡಿಯಲ್ಲಿ ಗುಮಾಸ್ತ, ಮೆತ್ತಗಿನ ಮನುಷ್ಯ. ಅವನ ಪಾಲಿನ ಮಾತನ್ನೂ ಇವಳೇ ಆಡಿ ಮುಗಿಸುತ್ತಾಳೆ. ಬೆಳಗಿನ ಐದಕ್ಕೆ ಎದ್ದು ರಾಶಿ ಜೋಳದ ರೊಟ್ಟಿ ಬಡಿದು ಎರಡು ಖಾನಾವಳಿಗೆ ಕೊಡುತ್ತಾಳೆ. ಮರಾಠಿ ಮಾತಾಡಲು ಅವಳಿಗೆ ಅಂಜಿಕೆಯಿಲ್ಲ, ವ್ಯಾಕರಣದ ಹಂಗೂ ಇಲ್ಲ. ತರಕಾರಿಯವನಿಂದ ಹಿಡಿದು ವಾರ್ಡ್ ಆಫೀಸಿನ ಸಾಹೇಬನವರೆಗೆ ಎಲ್ಲರನ್ನೂ ಅದೇ ಮರಾಠಿಯಲ್ಲಿ ಗದರಿಸಿ ಗೆದ್ದು ಬರುತ್ತಾಳೆ.

ಇಂಥ ತಾಯಿಯ ಬಗ್ಗೆ ಹೆಮ್ಮೆಪಡಬೇಕು ಎಂದು ನಾವು ನೀವು ಸುಲಭವಾಗಿ ಹೇಳಿಬಿಡಬಹುದು. ನಮಗೇನು, ಹದಿನಾರು ವರ್ಷದವರಾಗಿ ಅವಳ ಜೊತೆ ಬೀದಿಯಲ್ಲಿ ನಡೆಯಬೇಕಿಲ್ಲವಲ್ಲ. ಮಗಳು ಸ್ನೇಹಲ್ ನಡೆಯಬೇಕಿತ್ತು.

ಹತ್ತನೇ ತರಗತಿಯ ಆರಂಭದಲ್ಲಿ ನಡೆದ ಬಹುಮಾನ ಸಮಾರಂಭದಲ್ಲಿ ಏನಾಯಿತೆಂದರೆ, ಸ್ನೇಹಲ್‌ಗೆ ಗಣಿತದ ಬಹುಮಾನ ಬಂತು. ಯಾರೂ ಕರೆಯದಿದ್ದರೂ ಬಸವಣ್ಣೆವ್ವ ಸೆರಗು ಸಿಕ್ಕಿಸಿಕೊಂಡು ವೇದಿಕೆ ಹತ್ತಿದಳು. ಮುಖ್ಯೋಪಾಧ್ಯಾಯರ ಪಕ್ಕದಲ್ಲೇ ಮಗಳ ಮುಖ ನೀವಿ, ತನ್ನ ಕಪಾಳಕ್ಕೆ ಬೆರಳೊತ್ತಿ ಲಟಲಟ ಲಟಿಕೆ ಮುರಿದಳು. ಮೈಕು ಹತ್ತಿರವೇ ಇತ್ತು. ಸಭಾಂಗಣವೆಲ್ಲ ನಕ್ಕಿತು. ಆಮೇಲೆ ವರ್ಷವಿಡೀ ಹುಡುಗರು ಸ್ನೇಹಲ್‌ಳ ಬೆನ್ನ ಹಿಂದೆ ಲಟಿಕೆ ಮುರಿದರು. ಅವತ್ತಿನಿಂದ ಅವಳು ತಾಯಿಯನ್ನು ತನ್ನ ಲೋಕದೊಳಗೆ ಕಾಲಿಡಲು ಬಿಡಲಿಲ್ಲ.

ಹನ್ನೊಂದನೇ ತರಗತಿಗೆ ಹೊಸ ಕಾಲೇಜು, ಹೊಸ ಗೆಳತಿ ಋತುಜಾ. ರಸ್ತೆಯ ಆಚೆಗಿನ ದೊಡ್ಡ ಸೊಸೈಟಿಯ ಒಂಬತ್ತನೇ ಮಹಡಿಯಲ್ಲಿ ಅವಳ ಮನೆ. ಅವಳ ತಾಯಿ ನೀತಾಳನ್ನು ಸ್ನೇಹಲ್ ಮರಾಠಿ ರೂಢಿಯಂತೆ ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದಳು. ನೀತಾ ಕಾಕು ವಿಮಾನ ನಗರದ ಕಂಪನಿಯೊಂದರಲ್ಲಿ ದೊಡ್ಡ ಕೆಲಸದವಳು, ಮೆಲುದನಿಯ ಮರಾಠಿಯವಳು. ಓದುವ ನೆಪದಲ್ಲಿ ಸ್ನೇಹಲ್ ವಾರಕ್ಕೆ ನಾಲ್ಕು ದಿನ ಅಲ್ಲೇ ಇರುತ್ತಿದ್ದಳು.

ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ಪುಣೆಯ ಹೆಂಗಸರಿಗೆ ಅರಿಶಿನ ಕುಂಕುಮದ ಸುಗ್ಗಿ. ಮುತ್ತೈದೆಯರನ್ನು ಮನೆಗೆ ಕರೆದು, ಕುಂಕುಮ ಹಚ್ಚಿ, ಎಳ್ಳುಂಡೆಯ ಜೊತೆ ಒಂದು ಸ್ಟೀಲಿನ ಡಬ್ಬಿಯನ್ನೋ ಬಟ್ಟಲನ್ನೋ ಕೊಟ್ಟು ಕಳಿಸುತ್ತಾರೆ. ನೀತಾ ಕಾಕು ಹೇಳಿದಳು: “ಶುಕ್ರವಾರ ನಿಮ್ಮ ಅಮ್ಮನನ್ನು ಕರೆದುಕೊಂಡು ಬಾ. ಇಷ್ಟು ದಿನವಾಯಿತು, ಇನ್ನೂ ಅವರ ಮುಖವನ್ನೇ ನೋಡಿಲ್ಲ.”

ಸ್ನೇಹಲ್ ಅಮ್ಮನಿಗೆ ಕೆಲಸವಿದೆ ಎಂದಳು, ಮೈ ಸರಿಯಿಲ್ಲ ಎಂದಳು. ಕಾಕು ಬಿಡಲಿಲ್ಲ. ನಂಬರ್ ಕೊಡು, ನಾನೇ ಮಾತಾಡುತ್ತೇನೆ ಎಂದು ಫೋನು ಕೈಗೆತ್ತಿಕೊಂಡಳು. ಆ ತಣ್ಣಗಿನ ಹಜಾರದಲ್ಲಿ ಅವ್ವನ ದನಿ ಮೊಳಗುವುದು, ಯಾರದೋ ಮುಖ ನೀವಿ ಲಟಿಕೆ ಮುರಿಯುವುದು ಎಲ್ಲ ಸ್ನೇಹಲ್‌ಳ ಕಣ್ಣಿಗೆ ಕಟ್ಟಿತು. ಮುತ್ತೈದೆಯಲ್ಲದವಳನ್ನು ಇದಕ್ಕೆ ಕರೆಯುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

“ಅಮ್ಮ ಇಂಥದಕ್ಕೆ ಬರೋ ಹಾಗಿಲ್ಲ ಕಾಕು. ಅಪ್ಪ ತೀರಿಕೊಂಡು ಎರಡು ವರ್ಷ ಆಯಿತು.”

ಅದೇ ಹೊತ್ತಿಗೆ ಸಿದ್ರಾಮಪ್ಪ ಯಾರ್ಡಿನಲ್ಲಿ ನಿಂತು ಬೆಲ್ಲದ ಪೆಂಟಿ ಇಳಿಸಿಕೊಳ್ಳುತ್ತಿದ್ದ. ಕಾಕು ಸ್ನೇಹಲ್‌ಳನ್ನು ಎದೆಗವಚಿಕೊಂಡಳು. ಇಷ್ಟು ದಿನ ಯಾಕೆ ಹೇಳಲಿಲ್ಲ ಮಗೂ ಎಂದು ತಲೆ ಸವರಿದಳು. ಹೇಸಿಗೆಯ ಮಾತೆಂದರೆ, ಆ ಅಪ್ಪುಗೆ ಸ್ನೇಹಲ್‌ಗೆ ಹಿತವಾಗಿತ್ತು. ಇನ್ನೂ ಸ್ವಲ್ಪ ಹೊತ್ತು ಹಾಗೇ ಇರಲಿ ಅನ್ನಿಸಿತ್ತು.

ಮಂಗಳವಾರ ರಾತ್ರಿ ಮನೆಗೆ ಬಂದರೆ ಬಸವಣ್ಣೆವ್ವ ಹಿಗ್ಗಿ ಹೀರೇಕಾಯಿಯಾಗಿದ್ದಳು. ಊಟಕ್ಕೆ ಕೂತ ಗಂಡನಿಗೆ ಹೇಳಿದ್ದನ್ನೇ ಹೇಳುತ್ತಿದ್ದಳು.

“ಋತುಜಾನ ಅವ್ವ ತಾನ ಬಂದಿದ್ಳು ನೋಡ್ರಿ, ಕಾರ್ ತಗೊಂಡು! ಕಾಲೇಜಿನ್ಯಾಗ ವಿಳಾಸ ಕೇಳಿಕೊಂಡು ಬಂದಾಳ. ನನ್ನ ಎರಡೂ ಕೈ ಹಿಡದು, ಶುಕ್ರವಾರ ನೀವು ಬರಾಕ ಬೇಕು, ನಿಮಗ ಮೊದಲ ಮರ್ಯಾದಿ ಅಂದ್ಲು. ಹಗ್ಗದ ಮ್ಯಾಲಿನ ನಿಮ್ಮ ಅಂಗಿ ನೋಡಿ ಕಣ್ಣಾಗ ನೀರು ತಂದ್ಲ್ರಿ. ಎಂಥಾ ಮೆತ್ತನ ಜೀವ!”

“ನನ್ನ ಅಂಗಿ ನೋಡಿ ಯಾಕ? ಹರದಿತ್ತೇನು?” ಎಂದ ಸಿದ್ರಾಮಪ್ಪ. ತಾನೇ ನಕ್ಕ. “ಹೋಗಿ ಬಾ. ಭಾಳ ದೊಡ್ಡ ಮನಸಿನ ಮಂದಿ ಅದಾರ.”

ಸ್ನೇಹಲ್‌ಳ ಕೈಯ ತುತ್ತು ಕೈಯಲ್ಲೇ ಉಳಿಯಿತು. ಆಗ ಹೇಳಬಹುದಿತ್ತು. ಬುಧವಾರ ಅವ್ವ ಟ್ರಂಕಿನಿಂದ ಮದುವೆಯ ಇಳಕಲ್ ಸೀರೆ ತೆಗೆದು ಗಾಳಿಗೆ ಹಾಕಿದಾಗ ಹೇಳಬಹುದಿತ್ತು. ಗುರುವಾರ ಕಾಕುವಿಗೆಂದು ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಮಾಡುತ್ತ ಕೂತಾಗಲೂ ಹೇಳಬಹುದಿತ್ತು. ಬಾಯಿ ತೆರೆದರೆ ಬಂದ ಮಾತು ಬೇರೆಯೇ: “ಆ ಸೀರಿ ಉಡಬ್ಯಾಡವ್ವಾ. ಅಲ್ಲಿ ಒದರಿ ಒದರಿ ಮಾತಾಡಬ್ಯಾಡ.”

“ಸೀರಿ ಇದ ಇರಲಿ ಬಿಡವಾ. ಬಾಯಿಗಿ ಬೀಗ ಹಾಕ್ಕೊಂಡು ಬರ್ತೀನಿ,” ಎಂದಳು ಬಸವಣ್ಣೆವ್ವ. ಮಗಳು ಕೊನೆಗೂ ತನ್ನನ್ನು ಗೆಳತಿಯ ಮನೆಗೆ ಕರೆದೊಯ್ಯುತ್ತಿದ್ದಾಳೆಂಬ ಸಂತೋಷದಲ್ಲಿ ಅವಳಿಗೆ ಸಿಟ್ಟು ಬರಲಿಲ್ಲ.

ಶುಕ್ರವಾರ ಸಂಜೆ ಆ ಹಜಾರದಲ್ಲಿ ಇಪ್ಪತ್ತೈದು ಹೆಂಗಸರಿದ್ದರು. ನೀತಾ ಕಾಕು ಬಸವಣ್ಣೆವ್ವನನ್ನು ಕೈಹಿಡಿದು ನಡುವಿನ ಕುರ್ಚಿಯಲ್ಲಿ ಕೂರಿಸಿದಳು. ಇಳಕಲ್ ಸೀರೆ, ಹಣೆಯ ಮೇಲೆ ಕಾಸಗಲ ಕುಂಕುಮ, ಕೊರಳಲ್ಲಿ ಕರಿಮಣಿ. ಅಡುಗೆಮನೆಯ ಬಾಗಿಲಲ್ಲಿ ಎಳ್ಳುಂಡೆಯ ತಟ್ಟೆ ಹಿಡಿದು ನಿಂತ ಮಗಳನ್ನು ನೋಡಿ ಕಣ್ಣಲ್ಲೇ ನಕ್ಕಳು, ನೋಡು, ಬೀಗ ಹಾಕಿದ್ದೇನೆ ಎನ್ನುವ ಹಾಗೆ.

ಕಾಕು ಎದ್ದುನಿಂತು ಮರಾಠಿಯಲ್ಲಿ ಹೇಳಿದಳು: “ಗಂಡ ಹೋದ ಮಾತ್ರಕ್ಕೆ ಹೆಣ್ಣಿನ ಹಣೆಯ ಕುಂಕುಮ ಯಾಕೆ ಹೋಗಬೇಕು? ಈ ಕೆಟ್ಟ ಪದ್ಧತಿಯನ್ನು ಈ ವರ್ಷ ನಮ್ಮ ಮನೆಯಿಂದಲೇ ಮುರಿಯೋಣ. ಎರಡು ವರ್ಷದ ಹಿಂದೆ ಗಂಡನನ್ನು ಕಳೆದುಕೊಂಡು, ರೊಟ್ಟಿ ಬಡಿದು ಮಗಳನ್ನು ಓದಿಸುತ್ತಿದ್ದಾರೆ ಈ ಅಕ್ಕ. ಕುಂಕುಮ ಬಿಡದೆ, ಕರಿಮಣಿ ತೆಗೆಯದೆ ಧೈರ್ಯವಾಗಿ ಬದುಕುತ್ತಿದ್ದಾರೆ. ನಮ್ಮ ಮೊದಲ ಕುಂಕುಮ ಇವರಿಗೆ.”

ಚಪ್ಪಾಳೆ ಬಿತ್ತು. ಬಸವಣ್ಣೆವ್ವನ ಮರಾಠಿ ಒರಟಾಗುವುದು ಆಡುವಾಗ. ಕೇಳುವಾಗ ಒಂದಕ್ಷರವೂ ತಪ್ಪುವುದಿಲ್ಲ. ಅವಳ ಕೈ ಕೊರಳ ಕರಿಮಣಿಗೆ ಹೋಯಿತು. ಮುಖದ ನಗೆ ಇನ್ನೂ ಆರಿರಲಿಲ್ಲ, ಅಲ್ಲೇ ಸಿಕ್ಕಿಕೊಂಡಿತ್ತು. ಅವಳು ನಿಧಾನವಾಗಿ ಮಗಳ ಕಡೆ ತಿರುಗಿದಳು.

ಸ್ನೇಹಲ್ ತಟ್ಟೆಯ ಉಂಡೆಗಳನ್ನು ನೋಡುತ್ತ ನಿಂತಳು. ನೆಲ ಬಾಯಿಬಿಟ್ಟರೆ ಸಾಕಿತ್ತು. ಅವ್ವ ಒಂದೇ ಮಾತು ಆಡಬೇಕಿತ್ತು, ನನ್ನ ಗಂಡ ಯಾರ್ಡಿನಲ್ಲಿ ಗಟ್ಟಿಮುಟ್ಟಾಗಿದ್ದಾನೆ ಎಂದು. ಊರನ್ನೆಲ್ಲ ಗದರಿಸುವ ಆ ಮರಾಠಿ ಎಲ್ಲಿ ಹೋಯಿತೋ. ಬಸವಣ್ಣೆವ್ವ ಮಗಳ ಮುಖವನ್ನು ಒಮ್ಮೆ ನೋಡಿ, ಕಣ್ಣು ಮುಚ್ಚಿಕೊಂಡು ಹಣೆ ಮುಂದೆ ಮಾಡಿದಳು. ಗಂಡ ಬದುಕಿರುವಾಗಲೇ ಇಪ್ಪತ್ತೈದು ಹೆಂಗಸರ ನಡುವೆ ವಿಧವೆಯಾಗಿ ಕುಂಕುಮ ಹಚ್ಚಿಸಿಕೊಂಡಳು. ಪಕ್ಕದವಳೊಬ್ಬಳು ಕಣ್ಣೊರೆಸಿಕೊಂಡಳು.

ದಾರಿಯಲ್ಲಿ ಬಸವಣ್ಣೆವ್ವ ಸ್ಟೀಲ್ ಡಬ್ಬಿ ಹಿಡಿದು ಮುಂದೆ ಮುಂದೆ ನಡೆದಳು. ಅವ್ವ ಬೀದಿಯ ನಡುವೆ ನಿಂತು ಕೂಗಾಡಲಿ, ಎಲ್ಲರೆದುರು ಬೈಯಲಿ ಎಂದು ಸ್ನೇಹಲ್ ಜೀವಮಾನದಲ್ಲಿ ಮೊದಲ ಸಲ ಬಯಸಿದಳು. ಸಿಗ್ನಲ್ಲಿನ ಹತ್ತಿರ ನಿಂತಾಗ ಅವ್ವ ಮಾತಾಡಿದಳು, ಪಕ್ಕದವರಿಗೂ ಕೇಳದಷ್ಟು ಸಣ್ಣ ದನಿಯಲ್ಲಿ.

“ನನ್ನ ಕರಕೊಂಡು ಹೋಗಾಕ ನಾಚಿಕಿ ಅಂದಿದ್ರ ನಾ ಬರ್ತಿದ್ದಿಲ್ಲ. ಸಾಯಿಸೂದಿದ್ರ ನನ್ನ ಸಾಯಿಸಬೇಕಿತ್ತು. ಅವರನ್ನ ಯಾಕ?”

“ಅವ್ವಾ, ನೀ ಅಲ್ಲೇ ಯಾಕ ಹೇಳಲಿಲ್ಲ?”

“ಅಷ್ಟು ಮಂದಿಯೊಳಗ ನಿನ್ನ ಮಾರಿ ಏನಾಗ್ತಿತ್ತು?” ಎಂದಳು ಬಸವಣ್ಣೆವ್ವ. ಸಿಗ್ನಲ್ ಬಿಟ್ಟರೂ ಅಲ್ಲೇ ನಿಂತಿದ್ದಳು. “ನಾಳಿ ಹೋಗಿ ನೀನ ಹೇಳು. ನಿನ್ನ ಬಾಯಿಲೇ. ನಾ ಬರೂದಿಲ್ಲ.”

ಏಳೂವರೆಗೆ ಸಿದ್ರಾಮಪ್ಪ ಬಂದ. ಅಂಗಿಗೆಲ್ಲ ಬೆಲ್ಲದ ವಾಸನೆ. ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿ, ಚಲೋ ಅದ ಎಂದ. ಕೈಕಾಲು ತೊಳೆದು ಬಂದವನನ್ನು ಬಸವಣ್ಣೆವ್ವ ಮಣೆ ಹಾಕಿ ಕೂರಿಸಿದಳು.

“ಸ್ನೇಹಲ್, ಉಪ್ಪು ಮೆಣಸಿನಕಾಯಿ ತಗೊಂಡು ಅಪ್ಪಗ ದೃಷ್ಟಿ ತಗಿ.”

ಯಾವಾಗಲೂ ದೃಷ್ಟಿ ತೆಗೆಯುವವಳು ಬಸವಣ್ಣೆವ್ವನೇ. ಸಿದ್ರಾಮಪ್ಪ ನಕ್ಕ. “ನನಗ ಯಾರ ದೃಷ್ಟಿ ಆಗತೈತಿ? ಬೆಲ್ಲದ ನೊಣದ್ದೇನು?”

“ಯಾರ್ಯಾರೋ ಏನೇನೋ ಅಂತಿರ್ತಾರ. ಸುಮ್ಮ ಕೂಡ್ರಿ.”

ಸ್ನೇಹಲ್ ಮುಷ್ಟಿಯಲ್ಲಿ ಉಪ್ಪು, ಒಣಮೆಣಸಿನಕಾಯಿ ಹಿಡಿದು ಅಪ್ಪನ ತಲೆಯ ಸುತ್ತ ಮೂರು ಸಲ ಇಳಿಸಿದಳು. ನೆತ್ತಿಯ ಕೂದಲು ತೆಳ್ಳಗಾಗಿತ್ತು. ಮಗಳು ತನಗೇನೋ ಒಳ್ಳೆಯದು ಮಾಡುತ್ತಿದ್ದಾಳೆಂದು ಅವನು ಮಕ್ಕಳ ಹಾಗೆ ಕಣ್ಣುಮುಚ್ಚಿ ಕೂತಿದ್ದ. ಅವಳು ಮುಷ್ಟಿಯಲ್ಲಿದ್ದದ್ದನ್ನು ಕಾದ ಹಂಚಿನ ಮೇಲೆ ಹಾಕಿದಳು.

ದೃಷ್ಟಿ ಇಲ್ಲದಿದ್ದರೆ ಘಾಟೆದ್ದು ಮನೆಮಂದಿಯೆಲ್ಲ ಕೆಮ್ಮಬೇಕು. ಗಟ್ಟಿಯಾಗಿ ತಾಗಿದ್ದರೆ ಘಾಟೇ ಬರುವುದಿಲ್ಲ. ಅದು ಬಸವಣ್ಣೆವ್ವನ ನಂಬಿಕೆ. ಉಪ್ಪು ಚಟಪಟ ಅಂದಿತು, ಮೆಣಸಿನಕಾಯಿ ಕರ್ರಗಾಯಿತು. ಮೆಣಸಿನಕಾಯಿ ಹಳೆಯದಿತ್ತೋ, ಕಿಟಕಿ ತೆರೆದಿತ್ತೋ, ಯಾರೂ ಕೆಮ್ಮಲಿಲ್ಲ. ಬಸವಣ್ಣೆವ್ವ ಹಂಚನ್ನೇ ನೋಡುತ್ತಿದ್ದಳು.

“ಖರೇನ ತಾಗಿತ್ತು ಬಿಡು, ಘಾಟ ಇಲ್ಲ,” ಎಂದು ಸಿದ್ರಾಮಪ್ಪ ಕಣ್ಣು ತೆರೆದ. ಮಗಳ ಮುಖ ನೋಡಿದ. “ಮತ್ತ ನಿನ್ನ ಕಣ್ಣಾಗ್ಯಾಕ ನೀರು ಬಂತವಾ?”